ಹೆಸರಿಗೂ ಹೆಸರಿಗೂ ಎಷ್ಟು ದೂರ?

ಹೊರನಾಡಿನ ಸಂಘವೊಂದರ ಸದಸ್ಯರ ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸಿದವರಿಗೆ ಈ ತೊಡಕು ಪರಿಚಿತ. ಇಂಗ್ಲಿಷ್ ಲಿಪಿಯಲ್ಲಿ ‘ಲಕ್ಷ್ಮಿ’ಯ ನಡುವೆ ಕೆಲವರು ಕೆ, ಎಸ್, ಎಚ್ ಬರೆದರೆ ಕೆಲವರು ಬರೀ ಎಕ್ಸ್ ಬರೆಯುತ್ತಾರೆ. ಸದಸ್ಯೆ ಒಬ್ಬರೇ, ಪಟ್ಟಿಯಲ್ಲಿ ಇಬ್ಬರು! ಇಂತಹ ಜೋಡಿಗಳನ್ನು ಹುಡುಕಲು ತಂತ್ರಾಂಶ ರಚಿಸುವವರು ಸಾಮ್ಯವನ್ನು ಅಳೆಯುವ ಸಿದ್ಧ ‘ಲೈಬ್ರರಿ’ಗಳ ಮೊರೆ ಹೋಗುತ್ತಾರೆ. ಇವು ಪುಸ್ತಕ ಭಂಡಾರಗಳಲ್ಲ. ಬೇಕಾದಾಗ ಕರೆದು ಬಳಸಬಹುದಾದ ಲೆಕ್ಕದ ವಿಧಾನಗಳ ಸಂಗ್ರಹಗಳು.

ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಮಂಡಿಸಿದ ಅಳತೆ ಸರಳವಾದುದು. ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕೋ ಅದೇ ಅವುಗಳ ದೂರ. ಪೈಥಾನ್ ಭಾಷೆಯ ‘ರ‍್ಯಾಪಿಡ್‌ಫಜ್’ ಇದನ್ನು ಕ್ಷಣಾರ್ಧದಲ್ಲಿ ಎಣಿಸುತ್ತದೆ. ಫಲಿತಾಂಶ ಮಾತ್ರ ವಿಚಿತ್ರ: ಆ ಇಬ್ಬರು ಲಕ್ಷ್ಮಿಯರ ದೂರ 3, ಸವಿತಾ-ಕವಿತಾರ ದೂರ ಕೇವಲ 1. ಇದನ್ನೇ ನಂಬಿದರೆ ನಿಜವಾದ ಸದಸ್ಯೆಯೊಬ್ಬರ ಹೆಸರೇ ಅಳಿದುಹೋದೀತು. ಕನ್ನಡದಲ್ಲಿ ಬರೆದರೂ ಎಚ್ಚರ ಬೇಕು. ಕಣ್ಣಿಗೆ ಒಂದೇ ಅಕ್ಷರವಾದ ‘ಕ್ಷಿ’ ಯುನಿಕೋಡ್‌ನಲ್ಲಿ 4 ಸಂಕೇತಗಳು.

ವಿಳಾಸಗಳಿಗೆ ಬೇರೆಯೇ ಮಾನ ಒಗ್ಗುತ್ತದೆ. ಸ್ವಿಸ್ ಸಸ್ಯವಿಜ್ಞಾನಿ ಪಾಲ್ ಜಕಾರ್ 1901ರಲ್ಲಿ ಆಲ್ಪ್ಸ್ ಪರ್ವತದ ಸಸ್ಯಗಳನ್ನು ಹೋಲಿಸಲು ಬಳಸಿದ ಕ್ರಮವದು: ಎರಡರಲ್ಲೂ ಇರುವ ಪದಗಳ ಸಂಖ್ಯೆಯನ್ನು ಒಟ್ಟು ಭಿನ್ನ ಪದಗಳ ಸಂಖ್ಯೆಯಿಂದ ಭಾಗಿಸುವುದು. ಪದಗಳು ಹಿಂದುಮುಂದಾದರೂ ಬಾಧೆಯಿಲ್ಲ. ಜನ್ಮವರ್ಷಕ್ಕೆ ಬರೀ ವ್ಯವಕಲನ ಸಾಕು.

ಈ ಮೂರನ್ನೂ ತಕ್ಕ ತೂಕ ಕೊಟ್ಟು ಕೂಡಿಸಬೇಕು. ಯಾವುದಕ್ಕೆ ಎಷ್ಟು ತೂಕವೆಂಬುದನ್ನು ಲೈಬ್ರರಿ ಹೇಳದು, ಪಟ್ಟಿಯನ್ನು ಬಲ್ಲವರೇ ಹೇಳಬೇಕು. ಸವಿತಾ, ಕವಿತಾ ಒಂದೇ ಮನೆಯ ಅವಳಿ ಸೋದರಿಯರಾಗಿದ್ದರೆ ಮೂರು ಅಳತೆಗಳೂ ಸೋಲುತ್ತವೆ. ಅಂತಹ ಜೋಡಿಗಳನ್ನು ಅಳಿಸದೆ ಪ್ರತ್ಯೇಕವಾಗಿರಿಸಿ, ಮನೆಗೆ ದೂರವಾಣಿ ಮಾಡಿ ವಿಚಾರಿಸುವುದೇ ಲೇಸು.