ಬುರುಜು ಹೊತ್ತ ಪೊಲೀಸ್ ಠಾಣೆ

ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಯಲ್ಲಿ ಕಾಹರ್ಸಿವೀನ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ ಫರ್ತಾ ನದಿಯ ಸೇತುವೆಯ ಬಳಿಯಿರುವ ಕಟ್ಟಡವನ್ನು ಮೊದಲ ಸಲ ಕಂಡವರು ಯಾರೋ ಪಾಳೆಯಗಾರನ ಕೋಟೆ ಎಂದೇ ತಿಳಿದಾರು. ಗುಂಡನೆಯ ಬುರುಜುಗಳು, ಅವುಗಳ ನೆತ್ತಿಯ ಮೇಲೆ ಶಂಕುವಿನಂಥ ಚೂಪು ಚಾವಣಿ. ಇದನ್ನು ಕಟ್ಟಿದ್ದು ಪೊಲೀಸರ ವಾಸಕ್ಕೆ, 1870ರ ದಶಕದಲ್ಲಿ.

ಊರಿನವರು ಇದಕ್ಕೊಂದು ಕಥೆ ಹೇಳುತ್ತಾರೆ. ಭಾರತದ ವಾಯವ್ಯ ಗಡಿಯಲ್ಲಿ ಕಟ್ಟಬೇಕಿದ್ದ ಠಾಣೆಯ ನಕ್ಷೆ ಅಧಿಕಾರಿಗಳ ಕೈತಪ್ಪಿನಿಂದ ಇಲ್ಲಿಗೆ ಬಂತಂತೆ, ಇಲ್ಲಿಯದು ಅಲ್ಲಿಗೆ ಹೋಯಿತಂತೆ! ಕೇಳಲು ಸೊಗಸಾದ ಕಥೆ, ಆದರೆ ನಿಜವಲ್ಲ. ಸರ್ಕಾರಿ ಲೋಕೋಪಯೋಗಿ ಮಂಡಳಿಯ ವಾಸ್ತುಶಿಲ್ಪಿ ಈನಕ್ ಟ್ರೆವರ್ ಓವೆನ್ ಇದನ್ನು ವಿನ್ಯಾಸಗೊಳಿಸಿದರು. ಸ್ಕಾಟ್ಲೆಂಡಿನ ಹಳೆಯ ಕೋಟೆಮನೆಗಳನ್ನು ಅನುಕರಿಸುವ ಈ ಶೈಲಿಗೆ ಆ ಕಾಲದಲ್ಲಿ ಬಹಳ ಬೇಡಿಕೆಯಿತ್ತು.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಠಾಣೆ ಬಂದದ್ದರ ಹಿಂದೆ ಭಯವಿತ್ತು. 1867ರ ಫೆಬ್ರವರಿಯಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಫೀನಿಯನ್ನರೆಂಬ ಐರಿಷ್ ಬಂಡಾಯಗಾರರು ಇದೇ ಸೀಮೆಯಲ್ಲಿ ದಂಗೆಯೆದ್ದು, ಕೆಲ್ಸ್ ಎಂಬಲ್ಲಿದ್ದ ಕರಾವಳಿ ಕಾವಲು ಠಾಣೆಗೆ ನುಗ್ಗಿದ್ದರು. ಅದರ ಹಿಂದಿನ ವರ್ಷವಷ್ಟೇ, ಹತ್ತಿರದ ವ್ಯಾಲೆನ್ಷಿಯಾ ದ್ವೀಪದಿಂದ ಅಮೆರಿಕಕ್ಕೆ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಕೆಲಸ ಶುರುಮಾಡಿತ್ತು. ಸಾಮ್ರಾಜ್ಯದ ಸುದ್ದಿಯೆಲ್ಲ ಹಾದುಹೋಗುವ ದಾರಿಯ ಮಗ್ಗುಲಲ್ಲೇ ಬಂಡಾಯ! ದಂಗೆಯನ್ನು ಅಡಗಿಸಿದ ಪೊಲೀಸ್ ಪಡೆಗೆ ವಿಕ್ಟೋರಿಯಾ ರಾಣಿ ಅದೇ ವರ್ಷ 'ರಾಯಲ್' ಬಿರುದು ಕೊಟ್ಟಳು.

ಉಳಿದೂರುಗಳಲ್ಲಿ ಇಂಥ ವೈಭವವಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪಡೆಗೆ, ಅಂದರೆ ರಾಯಲ್ ಐರಿಷ್ ಕಾನ್‌ಸ್ಟೆಬ್ಯುಲರಿಗೆ 1,300ಕ್ಕೂ ಹೆಚ್ಚು ಬ್ಯಾರಕ್‌ಗಳಿದ್ದವು. ಬಹುಪಾಲು ಬಾಡಿಗೆಗೆ ಹಿಡಿದ ಸಾಧಾರಣ ಮನೆಗಳು. ಒಳಗೆ ದಿನದ ವ್ಯವಹಾರಕ್ಕೊಂದು ಕೋಣೆ, ಆರೋಪಿಗಳಿಗೆ ಲಾಕಪ್, ಸಾರ್ಜೆಂಟನ ಸಂಸಾರಕ್ಕೆ ಬಿಡಾರ, ಮದುವೆಯಾಗದ ಪೇದೆಗಳಿಗೆ ಮಲಗುವ ಜಾಗ. ಬೀದಿಯಿಂದ ನೋಡಿದರೆ ಅಕ್ಕಪಕ್ಕದ ಮನೆಗಳಂತೆಯೇ ಕಾಣುತ್ತಿದ್ದವು. ಆದರೆ ಒಳಗಿದ್ದ ಪೇದೆಗಳು ಬಂದೂಕುಧಾರಿಗಳು. ಯಾರನ್ನೂ ಸ್ವಂತ ಕೌಂಟಿಗೆ ನೇಮಿಸುತ್ತಿರಲಿಲ್ಲ. ಊರಿನ ನಡುವೆಯೇ ಇದ್ದೂ ಊರಿಗೆ ಹೊರಗಿನವರಾಗಿ ಉಳಿಯಬೇಕಾದ ಬಾಳು ಅವರದು.

1919ರಲ್ಲಿ ಸ್ವಾತಂತ್ರ್ಯ ಸಮರ ಶುರುವಾದಾಗ ಆ ಅಂತರ ಬಯಲಿಗೆ ಬಂತು. ಕಿಟಕಿಗಳಿಗೆ ಉಕ್ಕಿನ ಬಾಗಿಲು ಬಿತ್ತು, ಗೋಡೆಗೆ ಮರಳಿನ ಚೀಲ ಒರಗಿತು. ರಕ್ಷಿಸಲಾಗದ ಹಳ್ಳಿಯ ಬ್ಯಾರಕ್‌ಗಳನ್ನು ಪೊಲೀಸರು ಬಿಟ್ಟುಹೋದರು. ಖಾಲಿಯಾದ ನೂರಾರು ಕಟ್ಟಡಗಳಿಗೆ 1920ರ ಈಸ್ಟರ್ ಹೊತ್ತಿಗೆ ಬೆಂಕಿ ಬಿತ್ತು. ಕಾಹರ್ಸಿವೀನಿನ ಠಾಣೆ ಸುಟ್ಟಿದ್ದು ಮಾತ್ರ ಬೇರೆ ಜಗಳದಲ್ಲಿ. 1922ರ ಅಂತರ್ಯುದ್ಧದಲ್ಲಿ, ಆ ಸಮರ ಮುಗಿಸಲು ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದವನ್ನು ವಿರೋಧಿಸಿದ ಐರಿಷ್ ಪಡೆಯೇ ಅದಕ್ಕೆ ಕೊಳ್ಳಿಯಿಟ್ಟಿತು.

ಅದೇ ವರ್ಷ ಹುಟ್ಟಿದ ಸ್ವತಂತ್ರ ಐರ್ಲೆಂಡಿನ ಪೊಲೀಸ್ ಪಡೆ ಗಾರ್ಡಾ ಶೀಖಾನಾ ಬಂದೂಕಿಲ್ಲದೆ ಬೀದಿಗಿಳಿಯಿತು. ನಂತರ ಕಟ್ಟಿದ ಹಳ್ಳಿ ಠಾಣೆಗಳು ತೀರ ಸರಳ: ಸಾರ್ಜೆಂಟನ ಮನೆ, ಅದಕ್ಕಂಟಿದ ಕಚೇರಿ, ಬಾಗಿಲ ಮೇಲೊಂದು ನೀಲಿ ದೀಪ. ಪೊಲೀಸ್ ಕಟ್ಟಡ ಜನರಿಗೆ ಹೆದರದೆ ನಿಂತಾಗ ಹೇಗಿರುತ್ತದೆ ಎಂಬುದಕ್ಕೆ ಇವಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ದುಃಖದ ಸಂಗತಿಯೆಂದರೆ, ಖರ್ಚು ಕಡಿತದ ಕಾಲದಲ್ಲಿ ಕತ್ತರಿ ಬಿದ್ದದ್ದೂ ಇಂಥವಕ್ಕೇ. 2012 ಮತ್ತು 2013ರಲ್ಲಿ ಒಟ್ಟು 139 ಠಾಣೆಗಳು ಮುಚ್ಚಿದವು. ಆದರೆ ದಶಕಗಟ್ಟಲೆ ಪಾಳುಬಿದ್ದಿದ್ದ ಕಾಹರ್ಸಿವೀನಿನ ಬುರುಜುಗಳನ್ನು ಸ್ಥಳೀಯರು 1990ರ ದಶಕದಲ್ಲಿ ರಿಪೇರಿ ಮಾಡಿಸಿದರು. ಈಗ ಅಲ್ಲಿ ಪರಂಪರೆ ಕೇಂದ್ರವಿದೆ. ಫೀನಿಯನ್ ದಂಗೆಯ ಕಥೆಯನ್ನು ಪ್ರವಾಸಿಗರು ಪೊಲೀಸರ ಆ ಹಳೆಯ ಕಟ್ಟಡದಲ್ಲೇ ತಿಳಿಯುತ್ತಾರೆ.