ಕಡಲಕಳೆಗಳ ಪ್ರಭೇದ ನಿರ್ಣಯ: ರೂಪಲಕ್ಷಣ ಮತ್ತು ಅಣುಲಕ್ಷಣ

ಕರ್ನಾಟಕದ ಕರಾವಳಿಯಲ್ಲಿ ಇಳಿತದ ವೇಳೆ ಬಯಲಾಗುವ ಬಂಡೆಗಳ ಮೇಲೆ ಹಸಿರು, ಕಂದು ಮತ್ತು ಕೆಂಪು ವರ್ಗಗಳ ಕಡಲಕಳೆಗಳು ಬೆಳೆಯುತ್ತವೆ. ಅಲ್ವಾ, ಸರ್ಗಾಸಮ್, ಪಡೈನಾ, ಗ್ರಾಸಿಲೇರಿಯಾ ಇವುಗಳಲ್ಲಿ ಪರಿಚಿತ ಜಾತಿಗಳು. ಇವುಗಳಿಗೆ ನಿಜವಾದ ಬೇರು, ಹೂ, ಬೀಜಗಳಿಲ್ಲ. ಆದ್ದರಿಂದ ಹೂಬಿಡುವ ಸಸ್ಯಗಳನ್ನು ಗುರುತಿಸಲು ನೆರವಾಗುವ ಲಕ್ಷಣಗಳು ಇಲ್ಲಿ ಲಭ್ಯವಿಲ್ಲ.

ಸಾಂಪ್ರದಾಯಿಕ ವಿಧಾನದಲ್ಲಿ ಮಾದರಿಯನ್ನು ನೀರಿನಲ್ಲಿ ತೇಲಿಸಿ ಕಾಗದದ ಮೇಲೆ ಹರಡಿ, ಒತ್ತಿ ಒಣಗಿಸಲಾಗುತ್ತದೆ. ತೆಳುವಾದ ಅಡ್ಡಕೊಯ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕೋಶಪದರಗಳನ್ನೂ ಪ್ರಜನನಾಂಗಗಳನ್ನೂ ಪರೀಕ್ಷಿಸಲಾಗುತ್ತದೆ. ಡೆನ್ಮಾರ್ಕಿನ ಬೋರ್ಗೆಸನ್ 1930ರ ದಶಕದಲ್ಲಿ ಮುಂಬಯಿ ಪ್ರಾಂತದ ತೀರದ ಕಡಲಕಳೆಗಳನ್ನು ವಿವರಿಸಿದ್ದು ಈ ಕ್ರಮದಲ್ಲಿಯೇ.

ಆದರೆ ಅಲೆಗಳ ಹೊಡೆತ, ಲವಣಾಂಶ ಮತ್ತು ಋತುಮಾನಗಳಿಗೆ ಅನುಗುಣವಾಗಿ ಒಂದೇ ಪ್ರಭೇದದ ಆಕಾರ ಬದಲಾಗುತ್ತದೆ. ಎರಡು ಕೋಶಪದರಗಳ ಹಾಳೆಯಂಥದನ್ನು ಅಲ್ವಾ ಎಂದೂ, ಟೊಳ್ಳು ಕೊಳವೆಯಂಥದನ್ನು ಎಂಟರೋಮಾರ್ಫಾ ಎಂದೂ ಬಹುಕಾಲ ಪ್ರತ್ಯೇಕಿಸಲಾಗಿತ್ತು. 2003ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಇವೆರಡೂ ಒಂದೇ ಜಾತಿಯೆಂದು ತೋರಿಸಿತು. 1753ರಲ್ಲಿ ಲಿನ್ನೇಯಸ್ ಎರಡೂ ರೂಪಗಳನ್ನು ಅಲ್ವಾದಲ್ಲಿಯೇ ಸೇರಿಸಿದ್ದುದು ಸರಿಯೆಂದು ಇದರಿಂದ ಸ್ಥಿರಪಟ್ಟಿತು.

ಅಣುವಿಧಾನದಲ್ಲಿ ಡಿಎನ್‌ಎಯನ್ನು ಬೇರ್ಪಡಿಸಿ, ಆಯ್ದ ಭಾಗವನ್ನು ಪಿಸಿಆರ್ ಕ್ರಿಯೆಯಿಂದ ವರ್ಧಿಸಿ, ಅದರ ಅನುಕ್ರಮವನ್ನು ತಿಳಿದ ಅನುಕ್ರಮಗಳೊಡನೆ ಹೋಲಿಸಲಾಗುತ್ತದೆ. ಹಸಿರು ಕಳೆಗಳಿಗೆ ಹರಿತ್ತುಕಣದ ಜೀನುಗಳೂ ಕೆಂಪು ಕಳೆಗಳಿಗೆ ಮೈಟೊಕಾಂಡ್ರಿಯದ ಜೀನೂ ಹೆಚ್ಚಾಗಿ ಬಳಕೆಯಲ್ಲಿವೆ. ಲೋಳೆಯಂಥ ಶರ್ಕರಗಳು ಡಿಎನ್‌ಎಯೊಡನೆ ಬೆರೆತು ಬರುವುದು ಮತ್ತು ಕಳೆಗೆ ಅಂಟಿಕೊಂಡ ಅನ್ಯಜೀವಿಗಳ ಡಿಎನ್‌ಎ ಸೇರಿಕೊಳ್ಳುವುದು ಇದರ ತೊಡಕುಗಳು.

ಅನುಕ್ರಮವೊಂದೇ ಹೆಸರನ್ನು ನೀಡಲಾರದು. ಹೆಸರು ನಿಲ್ಲುವುದು ಆಧಾರಮಾದರಿಯ ಮೇಲೆ. ಲಿನ್ನೇಯಸನ ಅಲ್ವಾ ಲ್ಯಾಕ್ಟೂಕಾದ ಆಧಾರಮಾದರಿಯ ಡಿಎನ್‌ಎ ವಿಶ್ಲೇಷಣೆ 2019ರಲ್ಲಿ ಪ್ರಕಟವಾಯಿತು. ಆ ಮಾದರಿಯು ಶೀತಸಮುದ್ರದ ಪ್ರಭೇದವಲ್ಲ, ಬೆಚ್ಚನೆಯ ಕಡಲಿನ ಅಲ್ವಾ ಫ್ಯಾಸಿಯೇಟಾವೇ ಎಂದು ಕಂಡುಬಂದಿತು. ಯೂರೋಪಿನ ಉತ್ತರ ತೀರಗಳಲ್ಲಿ ಲ್ಯಾಕ್ಟೂಕಾ ಎಂದು ಕರೆಯುತ್ತಿದ್ದ ಕಳೆಗೆ ಅಲ್ವಾ ಫೆನೆಸ್ಟ್ರೇಟಾ ಎಂಬ ಹೆಸರು ಅನ್ವಯವಾಯಿತು.

ಭಾರತೀಯ ತೀರದ ಪಟ್ಟಿಗಳಲ್ಲಿ ಲ್ಯಾಕ್ಟೂಕಾ ಮತ್ತು ಫ್ಯಾಸಿಯೇಟಾ ಎರಡು ಪ್ರಭೇದಗಳಾಗಿ ಎಣಿಕೆಗೊಂಡಿವೆ. ಅವುಗಳ ಮರುಪರಿಶೀಲನೆ ಈಗ ಅನಿವಾರ್ಯ. ಸ್ಥಳ, ದಿನಾಂಕ ನಮೂದಿಸಿ ಕಾಪಾಡಿದ ಒಣಮಾದರಿ ಇದ್ದಲ್ಲಿ ಮಾತ್ರ ಅದು ಸಾಧ್ಯ. ಮಾದರಿ ನಾಶವಾದಲ್ಲಿ ಹಳೆಯ ವರದಿಯ ಹೆಸರು ಯಾವ ಕಳೆಯನ್ನು ಸೂಚಿಸುತ್ತಿತ್ತೆಂದು ನಿರ್ಧರಿಸುವ ದಾರಿಯೇ ಇರುವುದಿಲ್ಲ. ಆದುದರಿಂದ ಅಣುವಿಧಾನವು ಸಸ್ಯಸಂಗ್ರಹಾಲಯದ ಮಹತ್ತ್ವವನ್ನು ಕುಂದಿಸಿಲ್ಲ, ಹೆಚ್ಚಿಸಿದೆ.