ಹೊಸ್ತಿಲು ದಾಟಿದರೆ ಬೇರೆ ದೇಶ

ಬಾರ್ಲೆ ಎಂಬ ಊರಿನಲ್ಲಿ ಒಂದು ಮನೆಯಿದೆ. ಬಾಗಿಲಿನ ಒಂದು ಮಗ್ಗುಲಿಗೆ ಬೆಲ್ಜಿಯಂನ ನಂಬರು, ಇನ್ನೊಂದು ಮಗ್ಗುಲಿಗೆ ನೆದರ್‌ಲೆಂಡ್ಸ್‌ನ ನಂಬರು. ಗಡಿ ಸರಿಯಾಗಿ ಹೊಸ್ತಿಲ ನಡುವೆಯೇ ಹಾದಿದೆ. ಉಳಿದ ಮನೆಗಳಿಗೆ ಈ ಪೇಚಾಟವಿಲ್ಲ. ಗೆರೆ ಅಡುಗೆಮನೆಯನ್ನು ಸೀಳಲಿ, ಮಲಗುವ ಕೋಣೆಯನ್ನು ಸೀಳಲಿ, ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ಬಾಗಿಲನ್ನೇ ಕಿತ್ತು ಬೇರೆ ಕಡೆ ಕೂರಿಸಿ ದೇಶ ಬದಲಿಸಿದವರೂ ಇದ್ದಾರಂತೆ.

ನೆದರ್‌ಲೆಂಡ್ಸ್ ನೆಲದೊಳಗೆ ಬೆಲ್ಜಿಯಂನ 22 ತುಂಡುಗಳು ಇಲ್ಲಿ ಚದುರಿವೆ. ಅವುಗಳಲ್ಲಿ ಕೆಲವುಗಳ ಹೊಟ್ಟೆಯೊಳಗೆ ಮತ್ತೆ ನೆದರ್‌ಲೆಂಡ್ಸ್‌ನ ಚೂರುಗಳು. ಇದರ ಬೇರು ಇರುವುದು ರಣರಂಗದಲ್ಲಲ್ಲ, ಗೇಣಿ ಲೆಕ್ಕದಲ್ಲಿ. 1198ರ ಸುಮಾರಿಗೆ ಬ್ರಬಾಂಟ್‌ನ ಡ್ಯೂಕ್ ಒಂದನೇ ಹೆನ್ರಿ ಇಲ್ಲಿನ ನೆಲವನ್ನು ಬ್ರೆಡಾದ ಒಡೆಯನಿಗೆ ಬಿಟ್ಟುಕೊಟ್ಟ. ಆದರೆ ಒಕ್ಕಲುಗಳಿದ್ದು ಗೇಣಿ ಬರುತ್ತಿದ್ದ ಹಿಡುವಳಿಗಳನ್ನು ತಾನೇ ಇಟ್ಟುಕೊಂಡ. ಆಸಾಮಿ ಲೆಕ್ಕದಲ್ಲಿ ಪಕ್ಕಾ! ಡ್ಯೂಕನ ಪಾಲೇ ಇಂದಿನ ಬೆಲ್ಜಿಯಂನ ಬಾರ್ಲೆ-ಹೆರ್ಟೊಗ್. ಹೆರ್ಟೊಗ್ ಎಂದರೆ ಡ್ಯೂಕ್. ಬ್ರೆಡಾ ಮುಂದೆ ನಸ್ಸೌ ಮನೆತನದ ಕೈಸೇರಿತು, ಹಾಗಾಗಿ ಉಳಿದದ್ದು ಬಾರ್ಲೆ-ನಸ್ಸೌ.

1648ರಲ್ಲಿ ಬ್ರಬಾಂಟ್ ಎರಡಾಯಿತು: ಉತ್ತರ ಡಚ್ ಗಣರಾಜ್ಯಕ್ಕೆ, ದಕ್ಷಿಣ ಸ್ಪೇನ್ ದೊರೆಗೆ. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, ಎರಡನ್ನೂ ಒಂದೇ ರಾಜನ ಕೆಳಗೆ ಕೂಡಿಸಿದರು. ಆ ಸಂಸಾರ ನಡೆದದ್ದು ಹದಿನೈದೇ ವರ್ಷ. 1830ರ ಆಗಸ್ಟ್‌ನಲ್ಲಿ ಬ್ರಸೆಲ್ಸ್‌ನ ರಂಗಮಂದಿರದಲ್ಲಿ ಒಂದು ಆಪೆರಾ ನೋಡಿ ಹೊರಬಂದ ಜನ ಬೀದಿಗಿಳಿದರು. ದಕ್ಷಿಣದ ಭಾಗ ಬೆಲ್ಜಿಯಂ ಆಗಿ ಬೇರೆ ಮನೆ ಮಾಡಿತು. 1843ರಲ್ಲಿ ಗಡಿ ಗುರುತಿಸುತ್ತ ಬಂದವರು ಬಾರ್ಲೆಯಲ್ಲಿ ಕೈಚೆಲ್ಲಿ ಕೂತರು. ಗೆರೆ ಎಳೆಯಲಾಗದೆ 5,732 ಜಮೀನುಗಳ ಪಟ್ಟಿ ಮಾಡಿ, ಇದು ನಿನ್ನದು, ಇದು ನನ್ನದು ಎಂದು ಬರೆದುಕೊಂಡರು. ಪಹಣಿ ನೋಡಿ ದೇಶ ಹಂಚಿದಂತೆ! ಅಂತಿಮ ಗಡಿ ನಿಗದಿಯಾದದ್ದು 1995ರಲ್ಲಿ.

ಈ ಗೋಜಲು ಒಮ್ಮೆ ಊರನ್ನು ಕಾಪಾಡಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬೆಲ್ಜಿಯಂನ ಬಹುಪಾಲನ್ನು ನುಂಗಿತಾದರೂ ಬಾರ್ಲೆ-ಹೆರ್ಟೊಗ್ ಮುಟ್ಟಲು ತಟಸ್ಥ ನೆದರ್‌ಲೆಂಡ್ಸ್ ದಾಟಬೇಕಿತ್ತು. ಹಾಗಾಗಿ ಆ ತುಣುಕುಗಳು ಸ್ವತಂತ್ರವಾಗಿಯೇ ಉಳಿದವು. ಅಲ್ಲಿಂದ ಬೆಲ್ಜಿಯನ್ನರು ಗುಟ್ಟಾಗಿ ರೇಡಿಯೊ ಕೇಂದ್ರವನ್ನೂ ನಡೆಸಿದರು.

ನಮ್ಮ ಕೂಚ್‌ಬಿಹಾರದ ಕಡೆಯ ಇಂಥದೇ ಗೋಜಲನ್ನು ಭಾರತ, ಬಾಂಗ್ಲಾದೇಶಗಳು 2015ರಲ್ಲಿ ನೆಲ ಅದಲುಬದಲು ಮಾಡಿ ಬಿಡಿಸಿಕೊಂಡವು. ಬಾರ್ಲೆಯವರು ಹಾಗೇ ಉಳಿಸಿಕೊಂಡಿದ್ದಾರೆ. ಊರಿಗೆ ಮೇಯರ್‌ಗಳು ಇಬ್ಬರು, ಆಡುವ ಮಾತು ಮಾತ್ರ ಎರಡೂ ಕಡೆ ಡಚ್ಚೇ. ಕೋವಿಡ್ ಬಂದ 2020ರಲ್ಲಿ ಬೆಲ್ಜಿಯಂ ಬಟ್ಟೆ ಅಂಗಡಿಗಳನ್ನು ಮುಚ್ಚಿಸಿತು, ನೆದರ್‌ಲೆಂಡ್ಸ್ ಮುಚ್ಚಿಸಲಿಲ್ಲ. ಗಡಿ ಮೇಲೆ ಕೂತಿದ್ದ ಒಂದು ಅಂಗಡಿ ಒಳಗೇ ಪಟ್ಟಿ ಎಳೆದು, ಡಚ್ ಅರ್ಧದಲ್ಲಿ ವ್ಯಾಪಾರ ನಡೆಸಿತು.